ಐಸಾ, ಉಸ್ಸಪ್ಪಾ, ದೊಕ್ಕೊಯ್ಶೋ

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ವಿಷಯ ನಿಮಗೇ ಬೇಗ ಅರ್ಥವಾಗುತ್ತದೆ. ಕೈಯಲ್ಲಿ ಕೆಲಸ ಇರುವವರಿಗೆ ತಾಳ ಗೊತ್ತಿರುತ್ತದೆ.

ವಾಕ್‌ವಾಕ್ ಕಿಂಗ್‌ಡಮ್ ಅಂತ ಒಂದು ಸಂಗೀತದ ಜೋಡಿ. ಕಿಕಿ ಹಿತೋಮಿ ಹಾಡುತ್ತಾರೆ, ಶಿಗೆರು ಇಶಿಹಾರಾ ಯಂತ್ರಗಳ ಮುಂದೆ ನಿಲ್ಲುತ್ತಾರೆ. ಇಬ್ಬರೂ ಜಪಾನಿನವರು, ನೆಲೆಸಿರುವುದು ಜರ್ಮನಿಯಲ್ಲಿ. ಇಶಿಹಾರಾ ಹಿಂದೆ ಡಿಜೆ ಸ್ಕಾಚ್ ಎಗ್ ಅನ್ನುವ ಹೆಸರಲ್ಲಿ ಗೇಮ್ ಬಾಯ್ ಅನ್ನುವ ಮಕ್ಕಳ ವಿಡಿಯೋ ಆಟದ ಯಂತ್ರ ಹಿಡಿದು, ಅದರ ಕಿರಿಚಾಟದಲ್ಲೇ ಕಛೇರಿ ಮಾಡಿದವರು. ಇವರು ಜಪಾನಿನ ಜನಪದ ಹಾಡನ್ನು, ಅಂದರೆ ಮಿನ್ಯೋವನ್ನು, ಜಮೈಕಾದ ಡ್ಯಾನ್ಸ್‌ಹಾಲ್, ಶಿಕಾಗೋದ ಫುಟ್‌ವರ್ಕ್ ಅನ್ನುವ ಕುಣಿತದ ಸಂಗೀತಗಳ ಜತೆ ಕುಣಿಸುತ್ತಾರೆ. ಕೇಳಿದವರು ತಕ್ಷಣ "ಓ, ಫ್ಯೂಷನ್" ಅಂತಾರೆ. ಆ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಹಳೆಯದಕ್ಕೆ ಹೊಸದನ್ನು ಅಂಟಿಸಿದ್ದಾರೆ ಅಂತ ತಾನೇ ಅದರ ಅರ್ಥ? ಹಾಗಲ್ಲ. ಮಿನ್ಯೋ ಮೊದಲಿಂದಲೂ ಮೈ ಕುಣಿಸುವ ಹಾಡೇ. ತಾಳ ಮೈಯಿಂದ ಬಂದದ್ದು. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

ನನಗೆ ಇದು ಪುಸ್ತಕ ಓದಿ ತಿಳಿದದ್ದಲ್ಲ. ಕೆಲವು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಟೋಕಿಯೋಗೆ ಹೋಗಿದ್ದೆ. ಆಗ ಅಲ್ಲಿ ಬೊನ್ ಹಬ್ಬ. ನಮ್ಮ ಪಿತೃಪಕ್ಷದ ಹಾಗೆ, ತೀರಿಹೋದ ಹಿರಿಯರು ಮನೆಗೆ ಬರುವ ಕಾಲ. ಆದರೆ ಅವರು ಕುಣಿಯುತ್ತಾರೆ. ಮೈದಾನದ ನಡುವೆ ಮರದ ಅಟ್ಟ, ಅದರ ಮೇಲೆ ತೈಕೋ ಅನ್ನುವ ದೊಡ್ಡ ಡೋಲು, ಸುತ್ತ ಗುಂಡಗೆ ಬೀದಿಯ ಜನವೆಲ್ಲ. ನಾನು ದೊಡ್ಡ ಪಂಡಿತನ ಹಾಗೆ ರೆಕಾರ್ಡರ್ ಹಿಡಿದು ಬದಿಯಲ್ಲಿ ನಿಂತಿದ್ದೆ. ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬಂದವರೇ ಅದನ್ನು ಕಿತ್ತು ನನ್ನ ಚೀಲಕ್ಕೇ ಹಾಕಿ, ತೋಳು ಹಿಡಿದು ಒಳಗೆ ಎಳೆದುಕೊಂಡರು. ನನಗೆ ಜಪಾನಿ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಕೈಯಲ್ಲೇ ಪಾಠ ಮಾಡಿದರು. ಅಗೆ, ಅಗೆ. ಹೆಗಲ ಮೇಲಿಂದ ಹಿಂದಕ್ಕೆ ಹಾಕು. ಹಣೆಗೆ ಕೈ ಇಟ್ಟು ನೋಡು. ತಳ್ಳು, ತಳ್ಳು. ನಾನು ತಳ್ಳುವಾಗ ಎಲ್ಲರೂ ಅಗೆಯುತ್ತಿದ್ದರು! ಮೂರು ಸುತ್ತು ಬೈಸಿಕೊಂಡೆ. ನಾಲ್ಕನೇ ಸುತ್ತಿಗೆ ಹೊಳೆಯಿತು, ಇದು ಗಣಿ. ಗುದ್ದಲಿ, ಕಲ್ಲಿದ್ದಲು, ತಳ್ಳುವ ಬಂಡಿ. ಆ ಹಾಡು ತಾಂಕೋ ಬುಶಿ, ಕ್ಯೂಶೂ ದ್ವೀಪದ ಕಲ್ಲಿದ್ದಲು ಗಣಿಯವರದು. ಚಿಮಣಿ ಇಷ್ಟೆತ್ತರ ಇದೆಯಲ್ಲ, ಪಾಪ, ಚಂದ್ರನಿಗೆ ಎಷ್ಟು ಹೊಗೆ ತಾಗಿರಬೇಕು ಅಂತ ಅದರಲ್ಲಿ ಬರುತ್ತದೆ. ಹಾಡಿನಲ್ಲಿರುವ ಮೀಕೆ ಗಣಿ 1997ರಲ್ಲೇ ಮುಚ್ಚಿತು. ಟೋಕಿಯೋದ ಅಜ್ಜಿ ಇನ್ನೂ ಅಗೆಯುತ್ತಲೇ ಇದ್ದರು.

ಅಯ್ಯೋ, ಕಥೆ ಜಾಸ್ತಿ ಆಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಈ ಜೋಡಿಯ ಮೊದಲ ಆಲ್ಬಮ್ 2017ರ ಶಿನ್‌ಸೆಕಾಯ್, ಹೊಸ ಲೋಕ ಅಂತ ಅರ್ಥ. 2019ರದ್ದು ಎಸ್ಸಾಕಾ ಹೊಯ್ಸಾ. ಪಲ್ಲಕ್ಕಿ ಹೊರುವವರು "ಎಸ್ಸಾ, ಹೊಯ್ಸಾ" ಅಂತ ಕೂಗುತ್ತಿದ್ದರು, ಅದೇ ಥರದ ಕೂಗು. ಇನ್ನೊಂದರ ಹೆಸರು ದೊಕ್ಕೊಯ್ಶೋ. ಹೊಕ್ಕಾಯ್ಡೋದ ಮೀನುಗಾರರ ಹಾಡಿನಲ್ಲಿ ಈ ಕೂಗು ಬರುತ್ತದೆ. ವಯಸ್ಸಾದವರು ಕುರ್ಚಿಯಲ್ಲಿ ಕೂರುವಾಗಲೂ ಹಾಗೇ ಅಂತಾರೆ. ನಾವು ದಿಮ್ಮಿ ಎತ್ತುವಾಗ ಐಸಾ, ಕೂರುವಾಗ ಉಸ್ಸಪ್ಪಾ ಅಂತೀವಿ ಅಲ್ವಾ? ಅವರಿಗೆ ಎರಡಕ್ಕೂ ಒಂದೇ.

ಈಗ ಫುಟ್‌ವರ್ಕ್ ನೋಡಿ. ಹೆಸರಲ್ಲೇ ಕಾಲಿದೆ. ನಿಮಿಷಕ್ಕೆ ಸುಮಾರು 160 ಪೆಟ್ಟು, ಕುಣಿಯುವವರ ಕಾಲಿನ ಪಂದ್ಯದ ಜತೆಯೇ ಬೆಳೆದದ್ದು. ಅದೂ ಮೈಯಿಂದ ಬಂದ ತಾಳ. ಅಲ್ಲಿ ಕಾಲು, ಇಲ್ಲಿ ಗುದ್ದಲಿ. ಹೊಂದಿಕೊಳ್ಳದೆ ಏನು ಮಾಡುತ್ತದೆ? ಇಶಿಹಾರಾ ಅಷ್ಟಕ್ಕೇ ನಿಲ್ಲದೆ, ಸ್ಕಾಚ್ ರೋಲೆಕ್ಸ್ ಅಂತ ಹೆಸರಿಟ್ಟುಕೊಂಡು 2021ರಲ್ಲಿ ಉಗಾಂಡಾದ ಕಂಪಾಲಾದ ಲೇಬಲ್, ಅಂದರೆ ಹಾಡು ಹೊರತರುವ ಸಂಸ್ಥೆ, ಒಂದಕ್ಕೆ ಆಲ್ಬಮ್ ಮಾಡಿಕೊಟ್ಟರು. ಅದಕ್ಕೆ ಇನ್ನೊಂದು ದಿನ ಕರೆಯಬೇಕು ನೀವು.

ಗಾಜಿನ ಆಚೆಯಿಂದ ಟೈಮ್ ಆಯಿತು ಅಂತ ಕೈ ಬೀಸುತ್ತಿದ್ದಾರೆ. ಈಗ ಎಸ್ಸಾಕಾ ಹೊಯ್ಸಾದ ಒಂದು ತುಣುಕು ಬರುತ್ತದೆ. ಮೊದಲ ಸಲ ಬರೀ ಗಲಾಟೆ ಅನ್ನಿಸಬಹುದು, ಆದರೂ ದಯವಿಟ್ಟು ಸೌಂಡು ತಗ್ಗಿಸಬೇಡಿ. ಅಡುಗೆಮನೆಯವರು ಸೌಟಲ್ಲೇ ತಾಳ ಹಾಕಿ. ಒಲೆ ಮಾತ್ರ ಸಣ್ಣಗೆ ಮಾಡಿಕೊಳ್ಳಿ. ನಮಸ್ಕಾರ.