ಸಮುದ್ರ ಶಾಂತ ಇದ್ದಾಗ ಮಾಡುವ ಡ್ರಿಲ್

ನಮಸ್ಕಾರ್ರಿ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಸಮುದ್ರದ ಸುದ್ದಿ. ನಗಬೇಡಿ. ಚೋರ್ಲಾ ಘಾಟ್ ಇಳಿದರೆ ಗೋವಾ, ನಾವು ತಿನ್ನುವ ಬಂಗುಡೆ ಬರುವುದೂ ಆ ಕಡೆಯಿಂದಲೇ, ಅಂದಮೇಲೆ ಅಲ್ಲಿ ಎಣ್ಣೆ ಚೆಲ್ಲಿದರೆ ನಮಗೂ ಸ್ವಲ್ಪ ಕೇಳುವ ಹಕ್ಕು ಇದೆ ಅಲ್ವಾ?

ಹಡಗಿನಿಂದ ತೈಲ ಸೋರಿದರೆ ಏನು ಮಾಡಬೇಕು ಅಂತ ಕೋಸ್ಟ್ ಗಾರ್ಡ್‌ನವರು ಎರಡು ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ಅಣಕು ಕಾರ್ಯಾಚರಣೆ ಮಾಡುತ್ತಾರೆ. ನ್ಯಾಟ್‌ಪೋಲ್‌ರೆಕ್ಸ್ ಅಂತ ಹೆಸರು. 2022ರ ಏಪ್ರಿಲ್‌ನಲ್ಲಿ ಗೋವಾದ ಮುರ್ಮುಗೋವಾದಲ್ಲಿ, 2023ರ ನವೆಂಬರ್‌ನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ಆಯಿತು. ಹಡಗು, ಹೆಲಿಕಾಪ್ಟರ್, ನೀರಿನ ಮೇಲೆ ಎಣ್ಣೆ ತಡೆಯುವ ಬೂಮ್, ಎಲ್ಲಾ ಚೆನ್ನಾಗಿಯೇ ಇರುತ್ತದೆ. ಅವರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ತಿಂಗಳಿನದ್ದು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಅನಾಹುತ ಯಾವಾಗ ಆಗಿದೆ ನೋಡಿ. 2006ರ ಮೇ ಕೊನೆಗೆ, ಕಾರವಾರದ ಎದುರಿಗೇ, ಓಷನ್ ಸೆರಾಯಾ ಹಡಗು ಬಂಡೆಗೆ ಬಡಿಯಿತು, ಅದರಲ್ಲಿದ್ದದ್ದು 650 ಟನ್ ಹತ್ತಿರ ಇಂಧನ, ಸೋರಿದ ಎಣ್ಣೆ ಗೋವಾದ ಬೀಚುಗಳವರೆಗೂ ಹೋಯಿತು. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಮುಳುಗಿತು. 2025ರ ಮೇ 25ಕ್ಕೆ ಕೊಚ್ಚಿ ಎದುರು ಎಂಎಸ್‌ಸಿ ಎಲ್ಸಾ 3, ಸುಮಾರು 367 ಟನ್ ಫರ್ನೇಸ್ ಆಯಿಲ್ ಸಮೇತ ತಳ ಸೇರಿತು. ಎಲ್ಲಾ ಮಳೆಗಾಲದ ಬಾಗಿಲಲ್ಲೇ! ಈ ಕಡೆ ಆ ಎರಡು ಡ್ರಿಲ್ ಮಾತ್ರ ಏಪ್ರಿಲ್, ನವೆಂಬರ್. ಬೂಮ್ ಅಂದರೆ ನೀರಿನ ಮೇಲೆ ತೇಲುವ ಬೇಲಿ ಅಷ್ಟೇ, ಅಲೆ ಜೋರಾದರೆ ಎಣ್ಣೆ ಅದರ ಮೇಲಿಂದಲೂ ಹಾರುತ್ತದೆ, ಅಡಿಯಿಂದಲೂ ನುಸುಳುತ್ತದೆ. ಹಾಗಾದರೆ ಜೂನ್‌ನ ಕಡಲಲ್ಲಿ ನಾವು ನಂಬಬೇಕಾದದ್ದು ಬೂಮನ್ನಲ್ಲ, ದಡವನ್ನು.

ದಡ ಯಾರದ್ದು? ನಡುಗಡಲಲ್ಲಿ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರಿನವರು, ಮರಳಿಗೆ ಬಂದ ಮೇಲೆ ರಾಜ್ಯ ಸರ್ಕಾರ. ಅಂದರೆ ಕೊನೆಗೆ ಜಿಲ್ಲಾಡಳಿತ, ಪಂಚಾಯ್ತಿ, ಮೀನುಗಾರರು. 2017ರ ಜನವರಿಯಲ್ಲಿ ಚೆನ್ನೈ ಹತ್ತಿರ ಎನ್ನೋರ್‌ನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ ಹಿಡಿದು ಕಪ್ಪು ರಾಡಿ ಎತ್ತಿದ ಫೋಟೊ ನೆನಪಿದೆಯಾ? ಅಷ್ಟು ಉಪಕರಣ, ಅಷ್ಟು ಯೋಜನೆ ಇಟ್ಟುಕೊಂಡು ಬಕೆಟ್! 2025ರ ಅಕ್ಟೋಬರ್‌ನಲ್ಲಿ ಚೆನ್ನೈನಲ್ಲಿ ಮರೀನಾ ಬೀಚಲ್ಲೂ ದಡ ಸ್ವಚ್ಛ ಮಾಡುವ ಅಭ್ಯಾಸ ಮಾಡಿದರು, ಅದು ಒಳ್ಳೆಯ ಬದಲಾವಣೆ, ಆದರೆ ದೊಡ್ಡ ನಗರದ ಬೀಚ್ ಬೇರೆ, ಅಂಕೋಲಾ ಕಡೆಯ ಅಳಿವೆ ಬೇರೆ. ಅಳಿವೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ ಎಣ್ಣೆ ಹೊಕ್ಕರೆ ತೊಳೆಯೋದು ಸುಮ್ನೆ ಮಾತಲ್ಲ. ಜೆಸಿಬಿ ಇಳಿಸಿದರಂತೂ ಕೆಸರಿನೊಳಕ್ಕೆ ಇನ್ನೂ ಆಳ ತುಳಿದ ಹಾಗೆ.

ಕರ್ನಾಟಕದಲ್ಲಿ ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ದೋಣಿ ದಕ್ಕೆಯಲ್ಲಿ, ಜನ ಮನೆಯಲ್ಲಿ. ಅದೇ ಹೊತ್ತಿಗೆ ಅವರಿಗೆ ದಿನಗೂಲಿ ಕೊಟ್ಟು, ಗ್ಲೌಸು ಬೂಟು ಕೊಟ್ಟು, ಮಳೆಯಲ್ಲೇ ದಡದ ಡ್ರಿಲ್ ಮಾಡಿಸಿ. ಮೊದಲೇ ದಿನಾಂಕ ಹೇಳಬೇಡಿ. ಫೋನ್ ಯಾರು ಎತ್ತುತ್ತಾರೆ, ಗೋಣಿಚೀಲ ಎಲ್ಲಿಂದ ಬರುತ್ತದೆ, ತುಂಬಿದ ಚೀಲವನ್ನು ಯಾವ ಜಾಗಕ್ಕೆ ಒಯ್ಯುತ್ತಾರೆ ಅನ್ನೋದು ಅವತ್ತೇ ಗೊತ್ತಾಗುತ್ತದೆ. ಮಂತ್ರಿಗಳಿಗೆ ಪೆಂಡಾಲ್ ಹಾಕೋದು ಬೇಡ, ಹೇಗೂ ಗಾಳಿಗೆ ನಿಲ್ಲಲ್ಲ.