ಸೇತುವೆ ಎಲ್ಲಿ ಮುಗಿಯುತ್ತದೆ?

ಎಲ್ಲರಿಗೂ ನಮಸ್ಕಾರ.

ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ಹೊಳೆಯ ಸೇತುವೆಗಳಿರುವ ಶೀಲಹಳ್ಳಿ, ಹೂವಿನಹೆಡಗಿ ಅಂದರೆ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ನಾರಾಯಣಪುರ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಅಂತ ಬೆಳಿಗ್ಗೆ ಕೇಳಿ, ಆಮೇಲೆ ಸಂತೆಗೆ ಹೋಗೋದಾ ಬೇಡವಾ ಅಂತ ಯೋಚಿಸುವವರು ನೀವು. ಎರಡು ಲಕ್ಷ ಕ್ಯೂಸೆಕ್ ದಾಟಿತು ಅಂದರೆ ಶೀಲಹಳ್ಳಿಯ ಹಳೇ ಸೇತುವೆ ಕಣ್ಣಿಗೇ ಬೀಳುತ್ತಿರಲಿಲ್ಲ. ಕಡದರಗಡ್ಡಿ, ಯಳಗುಂದಿ, ಹಂಚಿನಾಳದವರಿಗೆ ಸುತ್ತು ದಾರಿಯೇ ಗತಿಯಾಗಿತ್ತು. ಶ್ರಾವಣದಲ್ಲಿ ಮದುವೆ ಇಟ್ಟುಕೊಂಡವರು ಪಂಚಾಂಗದ ಜೊತೆ ಕ್ಯೂಸೆಕ್ಕನ್ನೂ ನೋಡುತ್ತಾರೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಎಷ್ಟೋ ಸಲ ಆಗ ನಮ್ಮಲ್ಲಿ ಒಂದು ಹನಿ ಮಳೆ ಇರುವುದಿಲ್ಲ. ಮಹಾಬಲೇಶ್ವರ, ಕೊಯ್ನಾ ಕಡೆ ಸುರಿದದ್ದು ಇಲ್ಲಿಗೆ ಬರುತ್ತದೆ. ಹೊಲದಲ್ಲಿ ತೊಗರಿ ಬಾಡುತ್ತಿರುತ್ತದೆ, ಹೊಳೆಯಲ್ಲಿ ಸೇತುವೆ ಮುಳುಗಿರುತ್ತದೆ.

ಹೊಸ ಸೇತುವೆ ಬೇಕು ಅನ್ನುವುದರಲ್ಲಿ ಯಾರದೂ ತಕರಾರಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ. ಆ ಸೇತುವೆ ಎಲ್ಲಿ ಮುಗಿಯುತ್ತದೆ?

2019ರ ಆಗಸ್ಟ್ ನೆನಪಿದೆಯಲ್ಲ? ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಜಾಸ್ತಿ. ಉಳಿದ ಲೆಕ್ಕ ನೀವೇ ಮಾಡಿಕೊಳ್ಳಿ. ಆ ದಿನಗಳಲ್ಲೇ ದೇವದುರ್ಗ–ಯಾದಗಿರಿ ರಸ್ತೆಯಲ್ಲಿ ಒಂದು ಅಂಬುಲೆನ್ಸ್ ಬಂತು. ಒಳಗೆ ಒಬ್ಬ ಹೆಣ್ಣುಮಗಳ ಶವ, ಜೊತೆಗೆ ಮಕ್ಕಳು. ಸೇತುವೆ ಮೇಲೆ ನೀರು ಹರಿಯುತ್ತಿದೆ. ಎಲ್ಲಿ ರಸ್ತೆ, ಎಲ್ಲಿ ಹೊಳೆ ಅಂತ ಡ್ರೈವರಿಗೆ ಗೊತ್ತಾಗುತ್ತಿಲ್ಲ. ಆಗ ಹಿರೇರಾಯಕುಂಪಿಯ 12 ವರ್ಷದ ಹುಡುಗ ನೀರಿಗಿಳಿದ. ಸೊಂಟದ ಮಟ್ಟದ ನೀರು. ಮುಗ್ಗರಿಸುತ್ತಾನೆ, ಏಳುತ್ತಾನೆ, ಹಿಂದಿರುಗಿ ಕೈ ಮಾಡುತ್ತಾನೆ, ಮತ್ತೆ ಓಡುತ್ತಾನೆ. ಅವನ ಹಿಂದೆ ಹಿಂದೆ ಗಾಡಿ. ದಾಟಿಸಿಯೇ ಬಿಟ್ಟ. ಆ ವಿಡಿಯೋ ಇಡೀ ದೇಶ ನೋಡಿತು. ಜಿಲ್ಲಾಡಳಿತ ಸ್ವಾತಂತ್ರ್ಯ ದಿನದಂದು ಸನ್ಮಾನಿಸಿತು. ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು.

ಅವನ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೆ ಆ ವಿಡಿಯೋ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಓಡುವ ನೀರು ಎರಡು ಅಡಿ ಇದ್ದರೆ ಸಾಕು, ಹೆಚ್ಚಿನ ಗಾಡಿಗಳನ್ನು ಎತ್ತಿಕೊಂಡು ಹೋಗುತ್ತದೆ. ಅಲ್ಲಿದ್ದದ್ದು ಒಂದು ಮಗುವಿನ ಸೊಂಟದ ಮಟ್ಟ. ರಸ್ತೆಯ ಅಂಚು ಯಾವುದು ಅಂತ ತೋರಿಸಲು ಒಂದು ಮಗು ಹೊಳೆಗೆ ಇಳಿಯಬೇಕಾಯಿತು. ಅದು ದೊಡ್ಡವರ ಕೆಲಸ ಅಲ್ವಾ? ನಮ್ಮ ಕೆಲಸ ಅಲ್ವಾ?

ಪ್ರವಾಹ ಬಂದಾಗ ನೀರು ಮೇಲೆ ಹರಿದು ಹೋಗಲಿ ಅಂತಲೇ ತಗ್ಗಾಗಿ ಕಟ್ಟುವ ಮುಳುಗು ಸೇತುವೆಗಳಿಗೆ ಗಟ್ಟಿ ಕಟಕಟೆ ಕಟ್ಟುವುದಿಲ್ಲ. ಕಟ್ಟಿದರೆ ಕಸ, ಕೊಂಬೆ ಸಿಕ್ಕಿಕೊಂಡು ನೀರು ಸೇತುವೆಯನ್ನೇ ತಳ್ಳುತ್ತದೆ. ಅದಕ್ಕೇ ಪ್ರವಾಹದಲ್ಲಿ ಅಂಚು ಕಾಣುವುದಿಲ್ಲ. ವರ್ಷಕ್ಕೆ ಒಂದೆರಡು ತಾಸು ಮುಳುಗುವ ಸಣ್ಣ ಹಳ್ಳಕ್ಕೆ ಅದು ಸರಿ. ದಿನಗಟ್ಟಲೆ ಇಳಿಯದ ಕೃಷ್ಣೆಗೆ ಸರಿಯಲ್ಲ. ರಾಯಚೂರು–ಹೈದರಾಬಾದ್ ರಸ್ತೆಗೆ ನಿಜಾಮರ ಕಾಲದಲ್ಲೇ ದೇವಸೂಗೂರಿನ ಹತ್ತಿರ ಇದೇ ಕೃಷ್ಣೆಗೆ ಎತ್ತರದ ಕಮಾನಿನ ಸೇತುವೆ ಕಟ್ಟಿದರು. ಹೆದ್ದಾರಿಗೆ ಆಗ ಸಿಕ್ಕ ಎತ್ತರ ನಮ್ಮ ಹಳ್ಳಿಗಳಿಗೆ ಈಗಲಾದರೂ ಸಿಗಬೇಕು.

ಎಷ್ಟು ಎತ್ತರ? ರಸ್ತೆ, ಸೇತುವೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ ಇದೆ. ಸೆಕೆಂಡಿಗೆ 3,000 ಘನ ಮೀಟರ್ ಮೇಲೆ ಹರಿಯುವ ಹೊಳೆಯಲ್ಲಿ, ಪ್ರವಾಹದ ಗರಿಷ್ಠ ಮಟ್ಟಕ್ಕೂ ಸ್ಲ್ಯಾಬಿನ ತಳಕ್ಕೂ ನಡುವೆ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು. 3,000 ಘನ ಮೀಟರ್ ಅಂದರೆ ಸುಮಾರು 1 ಲಕ್ಷ 6 ಸಾವಿರ ಕ್ಯೂಸೆಕ್. ನಮ್ಮ ಹೊಳೆ ಅದನ್ನು ಸಲೀಸಾಗಿ ದಾಟುತ್ತದೆ. ಬೇರು ಸಮೇತ ತೇಲಿ ಬರುವ ಜಾಲಿ ಮರ ಅಡಿಯಿಂದ ಹಾದು ಹೋಗಬೇಕಲ್ಲ, ಅದಕ್ಕೆ ಆ ಜಾಗ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಹೊಳೆಯಲ್ಲಿ ಬಂಡೆ ಜಾಸ್ತಿ. ಕಂಬ ನಿಲ್ಲಿಸಲು ಒಳ್ಳೆಯ ತಳ. ತೊಂದರೆ ಇರುವುದು ದಂಡೆಯಲ್ಲಿ. ಅಲ್ಲಿ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಎತ್ತರದ ಸೇತುವೆ ಕಟ್ಟಿ, ಎರಡೂ ಕಡೆ ಸೇತುವೆಗೆ ಹತ್ತುವ ರಸ್ತೆಯ ಏರಿಗೆ ಅದೇ ಮಣ್ಣನ್ನು ಸುರಿದರೆ ಸೇತುವೆ ನಿಲ್ಲುತ್ತದೆ, ರಸ್ತೆ ಹೋಗುತ್ತದೆ. ಗರಸು ಹಾಕಿ, ಪದರ ಪದರವಾಗಿ ದಮ್ಮಸು ಮಾಡಿ, ಇಳಿಜಾರಿಗೆ ಕಲ್ಲು ಹೊದಿಸಬೇಕು.

ಇನ್ನೊಂದು, ಇದು ಬಹಳ ಮುಖ್ಯ. ಹೊಳೆ ತುಂಬಿದಾಗ ಊರ ಮುಂದಿನ ಹಳ್ಳಕ್ಕೆ ನೀರು ಹಿಂದಕ್ಕೆ ನುಗ್ಗುತ್ತದೆ. ದೊಡ್ಡ ಸೇತುವೆ ಒಣಗಿದ್ದರೂ ಹಳ್ಳದ ಮೋರಿ ಮುಳುಗಿದರೆ ನೀವು ಊರಲ್ಲೇ ಬಂದಿ. ಹಾಗಂತ ಏರಿಯನ್ನು ಸುಮ್ನೆ ಎತ್ತರಿಸುತ್ತಾ ಹೋದರೆ ಅದೇ ಅಡ್ಡಗಟ್ಟೆಯಾಗಿ ಮೇಲಿನ ಹೊಲಗಳಿಗೆ ನೀರು ನಿಲ್ಲುತ್ತದೆ. ನಡು ನಡುವೆ ದೊಡ್ಡ ಕಿಂಡಿಗಳು ಬೇಕೇ ಬೇಕು. ಅದಕ್ಕೇ ಹೇಳುತ್ತೇನೆ, ನೀರು ಮುಟ್ಟದ ನೆಲ ಸಿಗುವ ತನಕ ಸೇತುವೆ ಮುಗಿದಿಲ್ಲ. ಎರಡೂ ತುದಿಯಲ್ಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡೇ ನಿಮಿಷ. ಭೂಸ್ವಾಧೀನದ ಬಗ್ಗೆ ಹೇಳಬೇಕಿತ್ತು. ಏರಿಗೆ ಹೊಲ ಕೊಡುವವರಿಗೆ ಕೆಲಸ ಶುರುವಾಗುವ ಮೊದಲೇ ಹಣ ಸಿಗಬೇಕು, ಇಲ್ಲದಿದ್ದರೆ ಕಂಬ ಎದ್ದು ನಿಂತರೂ ರಸ್ತೆ ಬರುವುದಿಲ್ಲ. ಹರಗೋಲಿನಲ್ಲಿ ದಾಟುವ ನಡುಗಡ್ಡೆಗಳ ಮಾತೂ ಉಳಿಯಿತು. 2020ರ ಆಗಸ್ಟ್‌ನಲ್ಲಿ ಪೆದ್ದಕುರ್ವಾ ಹತ್ತಿರ ಹರಗೋಲು ಮಗುಚಿದ್ದನ್ನು ನಾವು ಮರೆಯಬಾರದು.

ನಕ್ಷೆ ಹಿಡಿದು ಎಂಜಿನಿಯರ್ ಸಾಹೇಬರು ಊರಿಗೆ ಬಂದಾಗ ಪ್ರವಾಹದ ಮಟ್ಟ ಯಾವ ವರ್ಷದ್ದು ಹಿಡಿದಿದ್ದೀರಿ ಅಂತ ಕೇಳಿ. 2009ರಲ್ಲಿ, 2019ರಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ ಗುಡಿ ಗೋಡೆ ಮೇಲೆ ನೀವೇ ತೋರಿಸಿ. ಆಮೇಲೆ ಹಳ್ಳದ ಮೋರಿಗೂ ಕರೆದುಕೊಂಡು ಹೋಗಿ.

ಹಿಂದೆ ಕಡದರಗಡ್ಡಿಯ ಅಕ್ಕ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ಮೊದಲು ಅವರಿಗೆ ಮೈಕ್ ಕೊಡ್ರಿ.