ಪೌಡರ್ ಬಾಟಲಿಗೆ ನೀರು ಎಷ್ಟು? ಮಕ್ಕಳ ಆಂಟಿಬಯಾಟಿಕ್ ಡ್ರೈ ಸಿರಪ್ ಕಲಸುವ ಸರಿಯಾದ ಕ್ರಮ

(ದೃಶ್ಯ: ಮೇಜಿನ ಮೇಲೆ ಪೌಡರ್ ಇರುವ ಚಿಕ್ಕ ಬಾಟಲಿ, ಪಕ್ಕದಲ್ಲಿ ಒಂದು ಲೋಟ ನೀರು)

ಮಗುವಿಗೆ ಕಿವಿ ನೋವೋ, ಗಂಟಲು ನೋವೋ. ಡಾಕ್ಟರ್ ಬರೆದ ಚೀಟಿ ಹಿಡ್ಕೊಂಡು ಮೆಡಿಕಲ್‌ಗೆ ಹೋದ್ರೆ ಕೈಗೆ ಬರೋದು ಇಂಥ ಬಾಟಲಿ. ತಳದಲ್ಲಿ ಒಂದಿಷ್ಟು ಪೌಡರ್, ಮೇಲೆಲ್ಲ ಖಾಲಿ. 'ಕಾಯಿಸಿ ಆರಿಸಿದ ನೀರು ಹಾಕಿ ಕಲಸಿ' ಅಂತ ಹೇಳಿ ಅಂಗಡಿಯವರು ಮುಂದಿನ ಗಿರಾಕಿ ಕಡೆ ತಿರುಗ್ತಾರೆ. ನೀರು ಎಷ್ಟು, ಎಲ್ಲಿವರೆಗೆ? ಡೋಸ್ ಎಡವಟ್ಟಾಗೋದು ಇಲ್ಲೇ.

ಕಂಪನಿಯವರೇ ನೀರು ಸೇರಿಸಿ ಕೊಡಬಹುದಿತ್ತಲ್ಲ? ಆಗಲ್ಲ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್, ಇವೆಲ್ಲ ಬೀಟಾ-ಲ್ಯಾಕ್ಟಮ್ ಗುಂಪಿನವು. ಇವುಗಳ ಅಣುವಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ಮಾಡೋ ಒಂದು ಉಂಗುರ ಇದೆ. ನೀರು ತಾಗಿದ ಮೇಲೆ ಆ ಉಂಗುರ ನಿಧಾನವಾಗಿ ಒಡೀತಾ ಹೋಗುತ್ತೆ. ಅಮಾಕ್ಸಿಸಿಲಿನ್ ಜೊತೆಗೆ ಸೇರಿಸೋ ಕ್ಲಾವುಲಾನಿಕ್ ಆಸಿಡ್ ಅಂತೂ ಗಾಳಿಯ ತೇವಕ್ಕೇ ಕೆಡುವಂಥದ್ದು. ಹಾಗಾಗಿ ಮುಚ್ಚಳ ತೆಗೆಯೋ ಮೊದಲು ಬಾಟಲಿಯನ್ನ ಒಮ್ಮೆ ಓರೆ ಮಾಡಿ. ಪೌಡರ್ ಸಲೀಸಾಗಿ ಜಾರಬೇಕು. ತಳಕ್ಕೆ ಸ್ವಲ್ಪ ಅಂಟಿದ್ರೆ ಬೆರಳಲ್ಲಿ ತಟ್ಟಿದರೆ ಬಿಡುತ್ತೆ. ಗಟ್ಟಿ ಗಂಟಾಗಿದ್ರೆ, ಕಂದು ಬಣ್ಣಕ್ಕೆ ತಿರುಗಿದ್ರೆ ಅಂಗಡಿಗೆ ವಾಪಸ್ ಕೊಡಿ.

(ದೃಶ್ಯ: ಲೇಬಲ್ ಮೇಲಿನ ಬಾಣದ ಗುರುತು, ಹತ್ತಿರದಿಂದ)

ಈಗ ನೀರಿನ ವಿಷಯ. ಬಾಟಲಿ ಮೇಲೆ 30 ಎಂಎಲ್ ಅಂತ ಇದ್ದರೆ 30 ಎಂಎಲ್ ನೀರು ಅಳೆದು ಹಾಕಬೇಕು ಅಂತ ಅಲ್ಲ. ಕಲಸಿದ ಮೇಲೆ ಒಟ್ಟು 30 ಎಂಎಲ್ ಆಗಬೇಕು ಅಂತ ಅರ್ಥ. ಪೌಡರ್ ಕೂಡ ಜಾಗ ಹಿಡಿಯುತ್ತಲ್ಲ. ಅದಕ್ಕೇ ಲೇಬಲ್ ಮೇಲೆ ಬಾಣವೋ ಗೆರೆಯೋ ಇರುತ್ತೆ, ಕೆಲವು ಬಾಟಲಿಗಳಲ್ಲಿ ಗಾಜಿನ ಮೇಲೇ ಉಬ್ಬು ಗುರುತು ಇರುತ್ತೆ. ಪೆಟ್ಟಿಗೆಯೊಳಗೆ ನೀರಿನ ಪುಟ್ಟ ಬಾಟಲಿ ಇಟ್ಟಿದ್ದರೆ ಅದನ್ನೇ ಬಳಸಿ. ಇಲ್ಲದಿದ್ರೆ ಕುದಿಸಿ ಪೂರ್ತಿ ಆರಿಸಿದ ನೀರು. ಉಗುರುಬೆಚ್ಚಗಿದ್ರೂ ಬೇಡ, ಬಿಸಿಗೆ ಔಷಧ ಬೇಗ ಒಡೆಯುತ್ತೆ.

ನೀರನ್ನ ಒಂದೇ ಸಲ ಸುರಿಯಬೇಡಿ. ಬಾಟಲಿ ತಟ್ಟಿ ಪೌಡರ್ ಸಡಿಲ ಮಾಡಿ, ಗುರುತಿನ ಅರ್ಧದಷ್ಟು ನೀರು ಹಾಕಿ, ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ. ತಲೆಕೆಳಗೆ ಹಿಡಿದು ತಳ ನೋಡಿ, ಒಣ ಪೌಡರ್ ಉಳಿದಿರಬಾರದು. ಆಮೇಲೆ ಬಾಟಲಿ ಇಟ್ಟು ಒಂದೆರಡು ನಿಮಿಷ ಸುಮ್ಮನಿರಿ.

ಈ ಸುಮ್ಮನಿರೋದು ಮುಖ್ಯ. ಕುಲುಕಿದಾಗ ನೊರೆ ಏಳುತ್ತೆ. ನೊರೆ ಗುರುತಿನ ತನಕ ಬಂದಿದ್ದು ನೋಡಿ 'ಸಾಕು' ಅಂದ್ಕೊಂಡ್ರೆ ನೀರು ಕಡಿಮೆ ಬಿದ್ದಿರುತ್ತೆ. ನೊರೆ ಇಳಿದ ಮೇಲೆ, ಬಾಟಲಿಯನ್ನ ಕಣ್ಣಿನ ಮಟ್ಟಕ್ಕೆ ಹಿಡಿದು, ಗುರುತಿನ ತನಕ ನೀರು ತುಂಬಿಸಿ. ಮತ್ತೆ ಕುಲುಕಿ. ಎರಡನೇ ಸಲವೂ ಮಟ್ಟ ಇಳಿದಿದ್ರೆ ಇನ್ನೊಂದಿಷ್ಟು ಹನಿ.

(ಪರದೆ ಮೇಲೆ: 2400 ಎಂಜಿ ÷ 30 ಎಂಎಲ್)

ಅಷ್ಟೊಂದು ಲೆಕ್ಕಾಚಾರ ಯಾಕೆ ಅಂತೀರಾ? 457 ಅಂತ ಬರೆದಿರೋ ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಸಿರಪ್ ತಗೊಳ್ಳಿ. 5 ಎಂಎಲ್‌ನಲ್ಲಿ 400 ಎಂಜಿ ಅಮಾಕ್ಸಿಸಿಲಿನ್, 57 ಎಂಜಿ ಕ್ಲಾವುಲಾನಿಕ್ ಆಸಿಡ್. 30 ಎಂಎಲ್ ಬಾಟಲಿಯಲ್ಲಿ ಒಟ್ಟು 2400 ಎಂಜಿ ಅಮಾಕ್ಸಿಸಿಲಿನ್. ನೀರು ಜಾಸ್ತಿಯಾಗಿ ಒಟ್ಟು 36 ಎಂಎಲ್ ಆಯ್ತು ಅನ್ನಿ, 5 ಎಂಎಲ್‌ಗೆ ಸಿಗೋದು 333 ಎಂಜಿ ಮಾತ್ರ. ನೀರು ಕಡಿಮೆಯಾಗಿ 25 ಎಂಎಲ್‌ಗೆ ನಿಂತರೆ 480 ಎಂಜಿ. ಮೊದಲನೆಯದರಲ್ಲಿ ಸೋಂಕು ಪೂರ್ತಿ ಹೋಗದೆ ಉಳೀಬಹುದು, ಎರಡನೆಯದರಲ್ಲಿ ಹೊಟ್ಟೆ ಕೆಟ್ಟು ಭೇದಿ ಹೆಚ್ಚಬಹುದು.

ಇದೇ ಔಷಧದಲ್ಲಿ 228.5 ಅನ್ನೋ ಇನ್ನೊಂದು ಬರುತ್ತೆ. ಸಾಮರ್ಥ್ಯ ಸರಿಯಾಗಿ ಅರ್ಧ. 'ಅದು ಸ್ಟಾಕ್ ಇಲ್ಲ, ಇದು ತಗೊಳ್ಳಿ' ಅಂತ 457 ಕೊಟ್ಟರೆ, ಚೀಟಿಯಲ್ಲಿ 5 ಎಂಎಲ್ ಇದ್ದದ್ದು 2.5 ಎಂಎಲ್ ಆಗಬೇಕು. ಫಾರ್ಮಸಿಸ್ಟ್ ಇದನ್ನ ಬಾಯಲ್ಲಿ ಹೇಳಿದ್ರೆ ಸಾಲದು, ಬಾಟಲಿ ಮೇಲೆ ಬರೆಸಿಕೊಳ್ಳಿ, ಡಾಕ್ಟರಿಗೂ ಒಂದು ಫೋನ್ ಮಾಡಿ.

ಜ್ವರದ ಪ್ಯಾರಸಿಟಮಾಲ್ ವಿಷಯದಲ್ಲಂತೂ ಎಂಎಲ್ ನಂಬಿ ಕೆಟ್ಟವರೇ ಹೆಚ್ಚು. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ. ಸಿರಪ್‌ನಲ್ಲಿ 5 ಎಂಎಲ್‌ಗೆ 120, 125 ಅಥವಾ 250 ಎಂಜಿ. 10 ಕೆಜಿ ಮಗುವಿಗೆ ಕೆಜಿಗೆ 15 ಎಂಜಿಯಂತೆ ಒಂದು ಸಲಕ್ಕೆ 150 ಎಂಜಿ. ಅದು ಡ್ರಾಪ್ಸ್‌ನಲ್ಲಿ 1.5 ಎಂಎಲ್, 125ರ ಸಿರಪ್‌ನಲ್ಲಿ 6 ಎಂಎಲ್, 250ರದ್ದಾದರೆ 3 ಎಂಎಲ್. 'ನಮ್ಮ ಪಾಪುಗೆ 6 ಎಂಎಲ್' ಅಂತ ಬಾಯಿಪಾಠ ಮಾಡ್ಕೊಂಡು ಡ್ರಾಪ್ಸ್‌ನಲ್ಲಿ 6 ಎಂಎಲ್ ಹಾಕಿದ್ರೆ 600 ಎಂಜಿ. ಇಡೀ ದಿನಕ್ಕೆ ಗರಿಷ್ಠ ಎಷ್ಟೋ ಅಷ್ಟೂ ಒಂದೇ ಗುಟುಕಲ್ಲಿ. ಹೀಗೇ ಎರಡು ಮೂರು ಸಲ ಆದ್ರೆ ಲಿವರ್‌ಗೆ ಪೆಟ್ಟು.

(ದೃಶ್ಯ: ಮೂರು ಬೇರೆ ಬೇರೆ ಚಮಚ, ಒಂದು ಅಳತೆ ಮುಚ್ಚಳ, ಸೂಜಿ ಇಲ್ಲದ ಸಿರಿಂಜ್)

ಅಡುಗೆಮನೆ ಚಮಚ ಅಳತೆಯ ಸಾಮಾನಲ್ಲ. ಒಂದು 3 ಎಂಎಲ್ ಹಿಡಿದ್ರೆ ಇನ್ನೊಂದು 7 ಹಿಡಿಯುತ್ತೆ. ಪೆಟ್ಟಿಗೆಯಲ್ಲಿ ಬಂದ ಅಳತೆ ಮುಚ್ಚಳ ಪರವಾಗಿಲ್ಲ, ಆದರೆ ಗಟ್ಟಿ ಸಿರಪ್ ಅದರ ಗೋಡೆಗೆ ಅಂಟಿ ಉಳೀತದೆ. 2.5 ಎಂಎಲ್‌ನಂಥ ಸಣ್ಣ ಡೋಸ್‌ಗೆ 5 ಎಂಎಲ್‌ನ ಸೂಜಿ ಇಲ್ಲದ ಸಿರಿಂಜ್ ಒಳ್ಳೇದು. ಗಂಟಲಿಗೆ ನೇರ ಚಿಮ್ಮಿಸದೆ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಒಂದು ಲೋಟ ಹಾಲಿಗೆ ಬೆರೆಸಿದ್ರೆ, ಮಗು ಅರ್ಧ ಲೋಟ ಬಿಟ್ಟಾಗ ಡೋಸೂ ಅರ್ಧ ಹೋಯ್ತು.

ಪ್ರತಿ ಡೋಸ್‌ಗೂ ಮುಂಚೆ ಕುಲುಕಲೇಬೇಕು. ಇದು ಸಕ್ಕರೆ ಪಾಕದ ಹಾಗೆ ಕರಗಿದ ಔಷಧ ಅಲ್ಲ, ನೀರಲ್ಲಿ ತೇಲ್ತಿರೋ ಪುಡಿ. ಕುಲುಕದೇ ಕೊಟ್ಟರೆ ಮೊದಲ ದಿನ ಬರೀ ಸಿಹಿನೀರು, ಕೊನೇ ದಿನ ಗಸಿ.

ಕಲಸಿದ ತಾರೀಖು, ಹೊತ್ತು ಎರಡನ್ನೂ ಪೆನ್ನಲ್ಲಿ ಲೇಬಲ್ ಮೇಲೆ ಬರೀರಿ. ಅಚ್ಚಾಗಿರೋ ಎಕ್ಸ್‌ಪೈರಿ ಡೇಟ್ ಒಣ ಪೌಡರ್‌ನದ್ದು. ನೀರು ಬಿದ್ದ ಗಳಿಗೆಯಿಂದ ಹೊಸ ಲೆಕ್ಕ: ಅಮಾಕ್ಸಿಸಿಲಿನ್-ಕ್ಲಾವುಲಾನಿಕ್‌ಗೆ ಸಾಮಾನ್ಯವಾಗಿ 7 ದಿನ, ಅದೂ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಬಾಗಿಲಲ್ಲಿ ಬೇಡ, ತೆರೆದು ಮುಚ್ಚಿದಾಗೆಲ್ಲ ಬಿಸಿಯಾಗುತ್ತೆ. ಫ್ರೀಜರ್ ಅಂತೂ ಬೇಡವೇ ಬೇಡ. ಹಾಗಂತ ಎಲ್ಲಾ ಸಿರಪ್ ಫ್ರಿಜ್‌ಗೆ ಅಲ್ಲ. ಕ್ಲಾರಿಥ್ರೊಮೈಸಿನ್ ಅನ್ನೋದನ್ನ ಫ್ರಿಜ್‌ನಲ್ಲಿಟ್ಟರೆ ದಪ್ಪಗಾಗಿ, ಕಹಿ ಜಾಸ್ತಿಯಾಗಿ, ಮಗು ಉಗುಳುತ್ತೆ. ಲೇಬಲ್ ಓದಿಯೇ ಇಡಿ.

ಮನೇಲಿ ಫ್ರಿಜ್ ಇಲ್ಲವಾ, ಕರೆಂಟ್ ಗಂಟೆಗಟ್ಟಲೆ ಹೋಗುತ್ತಾ? ಡಾಕ್ಟರ್ ಚೀಟಿ ಬರೆಯೋ ಮೊದಲೇ ಹೇಳಿ. ಮಣ್ಣಿನ ಮಡಕೆ ತಂಪು ಕೊಡುತ್ತೆ ನಿಜ, 8 ಡಿಗ್ರಿಗೆ ಇಳಿಯಲ್ಲ. ಇದೇ ಔಷಧಗಳು ನೀರಲ್ಲಿ ಕರಗೋ ಡಿಟಿ ಮಾತ್ರೆಯಾಗಿಯೂ ಸಿಗುತ್ವೆ. ಒಂದು ಸಲಕ್ಕೆ ಒಂದು ಮಾತ್ರೆ, ಎರಡು ಚಮಚ ನೀರು, ಅಷ್ಟೇ.

'ನೀವೇ ಕಲಸಿ ಕೊಡಿ' ಅಂತ ಅಂಗಡಿಯಲ್ಲೇ ಕೇಳಬಹುದು, ಸಂಕೋಚ ಬೇಡ. ಆದರೆ ಯಾರು ಕಲಸ್ತಿದ್ದಾರೆ ನೋಡಿ. ಡಾಕ್ಟರ್ ಚೀಟಿಯ ಔಷಧವನ್ನ ಬೆರೆಸಿ ಕೊಡೋ ಅಧಿಕಾರ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಕೌಂಟರ್‌ನಲ್ಲಿ ನಿಂತ ಹುಡುಗನಿಗಲ್ಲ.

(ಪರದೆ ಮೇಲೆ: 5 ಎಂಎಲ್ × ದಿನಕ್ಕೆ 2 × 5 ದಿನ = 50 ಎಂಎಲ್)

ಕೊನೆಗೆ ಒಂದು ಗುಣಾಕಾರ, ಅಂಗಡಿ ಬಿಡೋ ಮೊದಲೇ ಮಾಡಿ. 5 ಎಂಎಲ್, ದಿನಕ್ಕೆರಡು ಸಲ, 5 ದಿನ ಅಂದ್ರೆ 50 ಎಂಎಲ್. 30ರ ಬಾಟಲಿ ಮೂರನೇ ದಿನಕ್ಕೇ ಖಾಲಿ. 'ಬಾಟಲಿ ಮುಗೀತು, ಜ್ವರವೂ ಇಳೀತು' ಅಂತ ಅಲ್ಲಿಗೇ ಕೈಬಿಡೋ ಮನೆಗಳೇ ಜಾಸ್ತಿ. ಎರಡು ಬಾಟಲಿ ಒಟ್ಟಿಗೇ ತಗೊಳ್ಳಿ, ಆದರೆ ಎರಡನೆಯದಕ್ಕೆ ನೀರು ಹಾಕೋದು ಮೊದಲನೆಯದು ಖಾಲಿಯಾದ ಮೇಲೆ. ಐದನೇ ದಿನ ರಾತ್ರಿ ಅದರಲ್ಲಿ 10 ಎಂಎಲ್ ಉಳಿಯುತ್ತೆ. ತಮ್ಮನಿಗೋ ತಂಗಿಗೋ ಮುಂದಿನ ಸಲ ಬೇಕಾಗಬಹುದು ಅಂತ ಫ್ರಿಜ್‌ನ ಮೂಲೆಗೆ ತಳ್ಳಬೇಡಿ.